ಶಿಬಿರಕ್ಕೆ ಮಗುವನ್ನು ಕಳಿಸಬೇಡಿ, ಜೊತೆಗೆ ಬನ್ನಿ

ಬೇಸಿಗೆ ರಜೆ ಹತ್ತಿರ ಬಂದಂತೆ ನಮ್ಮ ಮಠಗಳ ಅಂಗಳದಲ್ಲಿ, ಕಲ್ಯಾಣ ಮಂಟಪಗಳ ಗೋಡೆಯ ಮೇಲೆ ಒಂದೇ ಬಗೆಯ ಭಿತ್ತಿಪತ್ರಗಳು ಕಾಣತೊಡಗುತ್ತವೆ. ಮಕ್ಕಳ ಬೇಸಿಗೆ ಶಿಬಿರ, 8ರಿಂದ 14 ವರ್ಷದವರಿಗೆ, ಯೋಗ, ವಚನ ಗಾಯನ, ಚಿತ್ರಕಲೆ, ಕೋಲಾಟ, ಊಟ ವಸತಿ ಉಚಿತ. ಕೆಳಗೆ ಸಣ್ಣ ಅಕ್ಷರಗಳಲ್ಲಿ ಪಾಲಕರಿಗೊಂದು ಸೂಚನೆ ಇರುತ್ತದೆ: ಸಮಾರೋಪದ ದಿನ ಮಧ್ಯಾಹ್ನ ಬಂದು ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗತಕ್ಕದ್ದು. ಇಡೀ ಶಿಬಿರದಲ್ಲಿ ತಂದೆತಾಯಿಗೆ ಇರುವ ಪಾತ್ರ ಅದೊಂದೇ. ಮೊದಲ ದಿನ ಬಿಟ್ಟು ಹೋಗುವುದು, ಕೊನೆಯ ದಿನ ಕರೆದೊಯ್ಯುವುದು.

ಈ ಶಿಬಿರಗಳು ಒಳ್ಳೆಯ ಕೆಲಸ ಮಾಡಿವೆ. ಹಳ್ಳಿಯ ಮಗು ಮೊದಲ ಸಲ ಮೈಕಿನ ಮುಂದೆ ನಿಂತದ್ದು, ಬೇರೆ ಬೇರೆ ಊರಿನ, ಬೇರೆ ಬೇರೆ ಮನೆತನದ ಮಕ್ಕಳ ಜೊತೆ ಒಂದೇ ಪಂಕ್ತಿಯಲ್ಲಿ ಉಂಡದ್ದು ಇಲ್ಲಿಯೇ. ಅವನ್ನು ನಿಲ್ಲಿಸಬೇಕೆಂದು ಈ ಲೇಖನ ಹೇಳುವುದಿಲ್ಲ. ಅವುಗಳ ಪಕ್ಕದಲ್ಲಿ ಇನ್ನೊಂದು ಬಗೆಯ ಶಿಬಿರವನ್ನು ನಡೆಸಿರಿ ಎಂದು ಕೇಳುತ್ತದೆ. ಅದು ತೀರ ಸಣ್ಣದು. ಒಬ್ಬ ತಂದೆ ಅಥವಾ ಒಬ್ಬ ತಾಯಿ, ಅವರ ಜೊತೆಗೆ ಒಂದೇ ಒಂದು ಮಗು. ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನ 2 ಗಂಟೆಗೆ ಬರುವುದು, ಭಾನುವಾರ ಸಂಜೆ 6 ಗಂಟೆಗೆ ಹೊರಡುವುದು. ಒಟ್ಟು 28 ಗಂಟೆ, ನಡುವೆ ಒಂದು ರಾತ್ರಿ. ಅಷ್ಟೇ.

ಇಷ್ಟಕ್ಕೆ ಶಿಬಿರ ಏಕೆ ಬೇಕು, ಮನೆಯಲ್ಲಿ ದಿನವೂ ಜೊತೆಗೇ ಇರುತ್ತೇವಲ್ಲ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸೋಣ.

ಮನೆಯಲ್ಲಿ ನಡೆಯುವ ಮಾತು

ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಪಾಠ ಹೇಳಿದ, ಕೆಲವು ವರ್ಷ ಪ್ರಸಾದ ನಿಲಯವೊಂದರ ಮೇಲ್ವಿಚಾರಣೆ ನೋಡಿಕೊಂಡ ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಮನೆಗಳಲ್ಲಿ ತಂದೆ ಮಕ್ಕಳೊಂದಿಗೆ ಆಡುವ ಮಾತುಗಳನ್ನು ಬರೆದಿಟ್ಟರೆ ಅರ್ಧ ಪುಟ ತುಂಬುವುದಿಲ್ಲ. ಉಂಡೆಯೇನು? ಹೋಂವರ್ಕ್ ಆಯಿತೇನು? ಎಷ್ಟು ಮಾರ್ಕ್ಸ್ ಬಂತು? ಮೊಬೈಲ್ ಇಡು. ಪಕ್ಕದ ಮನೆಯ ಹುಡುಗನನ್ನು ನೋಡಿ ಕಲಿ. ಇವೆಲ್ಲ ವಿಚಾರಣೆಯ ಮಾತುಗಳು, ಸಂಭಾಷಣೆ ಅಲ್ಲ. ವಿಚಾರಣೆಗೆ ಒಳಗಾದವರು ಎಲ್ಲಿದ್ದರೂ ಒಂದೇ ರೀತಿ ಉತ್ತರ ಕೊಡುತ್ತಾರೆ: ಹೂಂ, ಇಲ್ಲ, ಆಯ್ತು.

ತಾಯಿಯ ಮಾತು ಇದಕ್ಕಿಂತ ಹೆಚ್ಚಿರುತ್ತದೆ, ಆದರೆ ಅವಳ ಕೈ ಖಾಲಿ ಇರುವುದಿಲ್ಲ. ಒಲೆ, ನೀರು, ದನ, ಕೂಲಿ, ಅತ್ತೆ ಮಾವಂದಿರ ಔಷಧಿ, ಇವುಗಳ ನಡುವೆ ಮಗುವಿನ ಮಾತಿಗೆ ಅವಳ ಒಂದು ಕಿವಿ ಸಿಕ್ಕರೆ ದೊಡ್ಡದು. ಎರಡು ಮೂರು ಮಕ್ಕಳಿರುವ ಮನೆಯಲ್ಲಿ ಆ ಒಂದು ಕಿವಿಗೂ ಪಾಳಿ. ಗಟ್ಟಿಯಾಗಿ ಅಳುವ ಮಗುವಿಗೆ ಮೊದಲ ಪಾಳಿ ಸಿಗುತ್ತದೆ. ಸುಮ್ಮನಿರುವ ಮಗು ಒಳ್ಳೆಯ ಮಗು ಎನಿಸಿಕೊಂಡು ಹಿಂದೆ ಉಳಿಯುತ್ತದೆ.

ಕುಟುಂಬ ಸಮೇತ ಪ್ರವಾಸ ಹೋಗುತ್ತೇವಲ್ಲ ಎನ್ನುವವರೂ ಇದ್ದಾರೆ. ಕೂಡಲಸಂಗಮಕ್ಕೋ ಬಸವಕಲ್ಯಾಣಕ್ಕೋ ಟೆಂಪೊ ಮಾಡಿಕೊಂಡು ಹದಿನೈದು ಜನ ಹೊರಟರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಗಂಡಸರು ಮುಂದಿನ ಸೀಟಿನಲ್ಲಿ ಕುಳಿತು ಬೆಳೆಯ ದರ, ರಾಜಕೀಯ ಮಾತಾಡುತ್ತಾರೆ. ಹೆಂಗಸರು ಬುತ್ತಿ ಬಿಚ್ಚುವುದರಲ್ಲಿ, ಕಟ್ಟುವುದರಲ್ಲಿ ದಣಿಯುತ್ತಾರೆ. ಮಕ್ಕಳು ಹಿಂದಿನ ಸೀಟಿನಲ್ಲಿ ಮಕ್ಕಳೊಂದಿಗೇ ಇರುತ್ತಾರೆ. ಪ್ರವಾಸ ಸಂತೋಷದ್ದೇ, ಅದರಲ್ಲಿ ತಪ್ಪಿಲ್ಲ. ಆದರೆ ಮನೆಯೊಳಗಿನ ಏರ್ಪಾಡೇ ಚಕ್ರದ ಮೇಲೆ ಕುಳಿತು ಹೋಗಿ ಬಂದಂತಾಗುತ್ತದೆ.

ಒಬ್ಬರಿಗೊಬ್ಬರೇ ಇರುವಾಗ ಈ ಏರ್ಪಾಡು ಮುರಿಯುತ್ತದೆ. ಮಗುವಿಗೆ ತಮ್ಮನ ಜೊತೆ ಪೈಪೋಟಿ ಇಲ್ಲ. ತಂದೆಗೆ ‘ನಿಮ್ಮವ್ವನನ್ನು ಕೇಳು’ ಎಂದು ದಾಟಿಸಲು ಪಕ್ಕದಲ್ಲಿ ಯಾರೂ ಇಲ್ಲ. ಮಗು ಕೇಳಿದ್ದಕ್ಕೆ ತಾನೇ ಉತ್ತರಿಸಬೇಕು, ಮಗುವಿಗೆ ಹಸಿದರೆ ತಾನೇ ಬಡಿಸಬೇಕು, ರಾತ್ರಿ ಮಗು ಹೆದರಿದರೆ ತಾನೇ ಎದ್ದು ಕೂರಬೇಕು. ಈ ಶಿಬಿರದ ಸತ್ವವೆಲ್ಲ ಇರುವುದು ಈ ಸರಳ ಲೆಕ್ಕದಲ್ಲಿ.

ಎಣಿಸಿದರೆ ಮುಗಿಯುವ ಭಾನುವಾರಗಳು

ಇನ್ನೊಂದು ಲೆಕ್ಕವೂ ಇದೆ. ಮಗು 6ನೇ ವರ್ಷಕ್ಕೆ ಒಂದನೇ ತರಗತಿಗೆ ಸೇರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿದಾಗ ಅದಕ್ಕೆ 16. ನಂತರ ಪಿಯುಸಿಗೆ ಧಾರವಾಡವೋ ಮಂಗಳೂರೋ ತುಮಕೂರೋ, ಅಲ್ಲೊಂದು ಹಾಸ್ಟೆಲ್. ಆಮೇಲೆ ಕಾಲೇಜು, ನೌಕರಿ, ಮದುವೆ. ಮಕ್ಕಳು ಮನೆಗೆ ಬರುತ್ತಾರೆ, ಆದರೆ ಅತಿಥಿಗಳಾಗಿ ಬರುತ್ತಾರೆ. ಹಾಗಾದರೆ 6ರಿಂದ 16ರವರೆಗೆ ಹತ್ತು ವರ್ಷ, ವರ್ಷಕ್ಕೆ 52 ಭಾನುವಾರದಂತೆ 520 ಭಾನುವಾರ. ಇದರಲ್ಲಿ ಮದುವೆ, ಮುಂಜಿ, ಜಾತ್ರೆ, ಸಂತೆ, ಟ್ಯೂಷನ್, ಪರೀಕ್ಷೆ ಎಲ್ಲ ಕಳೆಯಬೇಕು. ಬಡವರ ಮಕ್ಕಳು ಐದನೆಯ ತರಗತಿಗೇ ವಸತಿ ಶಾಲೆಗೋ ಪ್ರಸಾದ ನಿಲಯಕ್ಕೋ ಸೇರಿದರೆ ಈ ಲೆಕ್ಕ ಇನ್ನೂ ಬೇಗ ಮುಗಿಯುತ್ತದೆ. ಹತ್ತನೇ ವಯಸ್ಸಿಗೆ ಮನೆ ಬಿಟ್ಟ ಮಗುವಿಗೆ ತಂದೆತಾಯಿಯ ಜೊತೆಗಿನ ಭಾನುವಾರಗಳು 200ರ ಸುಮಾರಿಗೆ ನಿಲ್ಲುತ್ತವೆ.

ಪ್ರಸಾದ ನಿಲಯಗಳ ಭಾನುವಾರವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಹತ್ತರಿಂದ ಪಾಲಕರು ಬರತೊಡಗುತ್ತಾರೆ. ಕೈಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಉಂಡೆ, ಒಗೆದ ಬಟ್ಟೆ. ಬೇವಿನ ಮರದ ಕೆಳಗೆ ಮಗುವನ್ನು ಕೂರಿಸಿಕೊಂಡು ಉಣಿಸುತ್ತಾರೆ. ಮೊದಲ ಐದು ನಿಮಿಷದಲ್ಲಿ ಮಾತು ಮುಗಿದುಹೋಗುತ್ತದೆ. ಚೆನ್ನಾಗಿ ಓದುತ್ತಿದ್ದೀಯಾ? ಹೂಂ. ಸಾರು ಚೆನ್ನಾಗಿರುತ್ತದಾ? ಹೂಂ. ಉಳಿದ ಸಮಯದಲ್ಲಿ ಇಬ್ಬರೂ ಮೈದಾನದಲ್ಲಿ ಆಡುವ ಬೇರೆ ಮಕ್ಕಳನ್ನು ನೋಡುತ್ತಾ ಕೂರುತ್ತಾರೆ. ಮೂರು ಗಂಟೆಯ ಬಸ್ಸಿಗೆ ಅವರು ಹೊರಡುತ್ತಾರೆ. ಮಗು ಗೇಟಿನವರೆಗೆ ಬರುತ್ತದೆ. ಪ್ರೀತಿಗೆ ಕೊರತೆ ಇದೆ ಎಂದು ಯಾರೂ ಹೇಳಲಾರರು. ನೂರು ಕಿಲೋಮೀಟರ್ ಬಸ್ಸಿನಲ್ಲಿ ಕುಳಿತು ರೊಟ್ಟಿ ತಂದದ್ದು ಪ್ರೀತಿಯಲ್ಲದೆ ಮತ್ತೇನು? ಕೊರತೆ ಇರುವುದು ಪ್ರೀತಿ ಮಾತಾಗುವಷ್ಟು ಬಿಡುವಿಗೆ.

ಒಂದು ಸಲ ಲಾರಿ ಚಾಲಕರೊಬ್ಬರು ಮಗನನ್ನು ನೋಡಲು ಲಾರಿಯಲ್ಲೇ ಬಂದಿದ್ದರು. ಎಲ್ಲರಂತೆ ಅವರ ಮಾತೂ ಬೇಗ ಮುಗಿಯಿತು. ಹೊರಡುವ ಮೊದಲು ಲಾರಿ ತೊಳೆದುಕೊಳ್ಳಲೇ ಎಂದು ಕೇಳಿದರು, ನಲ್ಲಿ ತೋರಿಸಿದೆವು. ಹುಡುಗನೂ ಬಕೆಟ್ ಹಿಡಿದು ಹೋದ. ಮುಂದಿನ ಒಂದು ಗಂಟೆ ಅಪ್ಪ ಮಗ ಇಬ್ಬರೂ ಚಕ್ರ ಉಜ್ಜುತ್ತಾ ಮಾತಾಡಿದ್ದನ್ನು ಕಿಟಕಿಯಿಂದ ನೋಡಿದ್ದೇವೆ. ಆ ಹುಡುಗ ವರ್ಷವಿಡೀ ಯಾರ ಮುಂದೆಯೂ ಅಷ್ಟು ಮಾತಾಡಿದವನಲ್ಲ. ಮಕ್ಕಳು ಎದುರು ಕೂರಿಸಿಕೊಂಡು ಕೇಳಿದರೆ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನಿಂತು ಕೆಲಸ ಮಾಡುವಾಗ, ಒಂದೇ ದಾರಿಯಲ್ಲಿ ನಡೆಯುವಾಗ, ದೀಪ ಆರಿಸಿದ ಮೇಲೆ ಕತ್ತಲಲ್ಲಿ ಮಲಗಿರುವಾಗ ತಾವಾಗಿಯೇ ಬಿಚ್ಚಿಕೊಳ್ಳುತ್ತಾರೆ. ಶಿಬಿರದ 28 ಗಂಟೆಯಲ್ಲಿ ಈ ಮೂರೂ ಇರಬೇಕು: ಕೈಗೆ ಕೆಲಸ, ಕಾಲಿಗೆ ದಾರಿ, ಒಂದು ರಾತ್ರಿ.

ನೂರು ವರ್ಷದ ಹಿಂದಿನ ಒಂದು ಪ್ರಯೋಗ

ಈ ಕಲ್ಪನೆ ಹೊಸದಲ್ಲ. ಅಮೆರಿಕದಲ್ಲಿ ಇದಕ್ಕೆ ನೂರು ವರ್ಷದ ಇತಿಹಾಸವಿದೆ, ಅದರಿಂದ ಕಲಿಯುವುದೂ ಇದೆ, ಎಚ್ಚರಗೊಳ್ಳುವುದೂ ಇದೆ. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ವೈ.ಎಂ.ಸಿ.ಎ. ಸಂಸ್ಥೆಯಲ್ಲಿ ಹೆರಾಲ್ಡ್ ಕೆಲ್ಟ್ನರ್ ಎಂಬುವರು ಕೆಲಸ ಮಾಡುತ್ತಿದ್ದರು. ಕಾರ್ಖಾನೆ, ಕಚೇರಿಗಳ ಆ ಕಾಲದಲ್ಲಿ ತಂದೆ ಬೆಳಿಗ್ಗೆ ಹೊರಟರೆ ರಾತ್ರಿ ಬರುತ್ತಿದ್ದ. ಮಗನಿಗೆ ಅವನು ಸಂಬಳ ತರುವ ಮನುಷ್ಯ ಮಾತ್ರ ಆಗಿದ್ದ. ಕೆಲ್ಟ್ನರ್ ಕೆನಡಾದ ಕಾಡು, ಸರೋವರಗಳ ಕಡೆ ಹೋದಾಗ ಅವರಿಗೆ ದಾರಿ ತೋರಿಸಿದವರು ಜೋ ಫ್ರೈಡೆ, ಒಜಿಬ್ವೆ ಎಂಬ ಮೂಲನಿವಾಸಿ ಜನಾಂಗದವರು. ನಿಮ್ಮ ನಗರಗಳಲ್ಲಿ ಮಗನನ್ನು ಬೆಳೆಸುವ ಹೊಣೆಯನ್ನು ತಾಯಿಗೆ ಬಿಟ್ಟಿದ್ದೀರಿ, ನಮ್ಮಲ್ಲಿ ಬೇಟೆ, ದೋಣಿ, ಕಾಡಿನ ದಾರಿ ಎಲ್ಲವನ್ನೂ ತಂದೆ ಜೊತೆಗಿದ್ದು ಕಲಿಸುತ್ತಾನೆ ಎಂಬ ಅರ್ಥದ ಮಾತನ್ನು ಅವರು ಹೇಳಿದರೆಂದು ಆ ಸಂಸ್ಥೆಯವರು ಇಂದಿಗೂ ನೆನೆಯುತ್ತಾರೆ. ಆ ಮಾತು ಕೆಲ್ಟ್ನರ್ ಮನಸ್ಸಿಗೆ ನಾಟಿತು. ಜೋ ಫ್ರೈಡೆಯವರನ್ನು ಸೇಂಟ್ ಲೂಯಿಸಿಗೆ ಕರೆಸಿ ತಂದೆ ಮಕ್ಕಳ ಮುಂದೆ ಮಾತಾಡಿಸಿದರು. 1926ರಲ್ಲಿ ತಂದೆ-ಮಗ ಜೋಡಿಗಳ ಮೊದಲ ತಂಡ ಶುರುವಾಯಿತು.

ಅದರ ನಿಯಮ ಸರಳ. ಮಗು ಒಂಟಿಯಾಗಿ ಸೇರುವಂತಿಲ್ಲ, ತಂದೆಯೂ ಒಂಟಿಯಾಗಿ ಸೇರುವಂತಿಲ್ಲ. ತಿಂಗಳ ಕೂಟಕ್ಕಾಗಲಿ, ವಾರಾಂತ್ಯದ ಶಿಬಿರಕ್ಕಾಗಲಿ ಇಬ್ಬರೂ ಬರಬೇಕು. 1950ರ ದಶಕದಲ್ಲಿ ತಾಯಿ-ಮಗಳು, ತಂದೆ-ಮಗಳು ತಂಡಗಳು ಬಂದವು, ಮುಂದೆ ತಾಯಿ-ಮಗ ತಂಡಗಳೂ ಬಂದವು. ಇಂದಿಗೂ ಅಲ್ಲಿ ಶುಕ್ರವಾರ ಸಂಜೆ ಕಾರಿನಲ್ಲಿ ಹೊರಟು ಸರೋವರದ ದಂಡೆಯ ಮರದ ಮನೆಗಳಲ್ಲಿ ಎರಡು ರಾತ್ರಿ ಕಳೆದು ಬರುವ ಜೋಡಿಗಳಿವೆ. ದೋಣಿ ನಡೆಸುವುದು, ಬೆಂಕಿಯ ಸುತ್ತ ಕೂರುವುದು, ಒಂದು ಹೊತ್ತಿನ ಅಡುಗೆ, ಇಷ್ಟೇ ಕಾರ್ಯಕ್ರಮ. ಆ ಭಾಗದಲ್ಲಿ ನೆಲೆಸಿರುವ ನನ್ನ ತಂಗಿಯ ಮಗನೂ ಎಂಟು ವರ್ಷದ ಮಗಳನ್ನು ಕರೆದುಕೊಂಡು ಇಂಥ ಶಿಬಿರಕ್ಕೆ ಹೋಗಿದ್ದ. ಮಗಳಿಗೆ ಕತ್ತಲೆಂದರೆ ಭಯ ಎಂಬುದು ತನಗೆ ಆವರೆಗೆ ಗೊತ್ತೇ ಇರಲಿಲ್ಲ ಎಂದು ಫೋನಿನಲ್ಲಿ ಹೇಳಿದ. ಮನೆಯಲ್ಲಿ ಅವಳನ್ನು ಮಲಗಿಸುವ ಕೆಲಸ ಎಂದೂ ಅವನದಾಗಿರಲಿಲ್ಲ.

ಈಗ ಎಚ್ಚರದ ಭಾಗ. ಆ ಅಮೆರಿಕನ್ ತಂದೆಯರು ಮೂಲನಿವಾಸಿಗಳಿಂದ ವಿಚಾರವನ್ನು ಪಡೆದದ್ದಷ್ಟೇ ಅಲ್ಲ, ಅವರ ಗರಿಗಳನ್ನು ತಲೆಗೆ ಕಟ್ಟಿಕೊಂಡರು, ಅವರ ಹೆಸರುಗಳನ್ನು ಆಟಕ್ಕೆ ಇಟ್ಟುಕೊಂಡರು. ಇದು ನಮ್ಮ ಬಾಳಿನ ಅಣಕ ಎಂದು ಮೂಲನಿವಾಸಿಗಳು ಆಕ್ಷೇಪಿಸಿದರು. ಕೊನೆಗೆ 2000ರ ದಶಕದ ಆರಂಭದಲ್ಲಿ ವೈ.ಎಂ.ಸಿ.ಎ. ಆ ವೇಷ, ಆ ಹೆಸರುಗಳನ್ನು ಕೈಬಿಡುವ ತೀರ್ಮಾನಕ್ಕೆ ಬಂತು. ಇದಕ್ಕಿಂತ ಕಹಿಯಾದ ಸಂಗತಿ ಇನ್ನೊಂದಿದೆ. ತಂದೆ ಮಕ್ಕಳ ಜೊತೆ ಹೇಗಿರಬೇಕೆಂದು ಈ ಜನರಿಂದ ಕಲಿಯುತ್ತಿದ್ದ ಅದೇ ವರ್ಷಗಳಲ್ಲಿ ಕೆನಡಾ, ಅಮೆರಿಕ ಎರಡೂ ಸರ್ಕಾರಗಳು ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ವಸತಿ ಶಾಲೆಗಳಿಗೆ ಹಾಕುತ್ತಿದ್ದವು. ಅಲ್ಲಿ ಮಕ್ಕಳು ತಾಯ್ನುಡಿ ಆಡಿದರೆ ಶಿಕ್ಷೆ. ಕೆನಡಾ ಒಂದರಲ್ಲೇ ಸುಮಾರು ಒಂದೂವರೆ ಲಕ್ಷ ಮಕ್ಕಳು ಈ ಶಾಲೆಗಳಲ್ಲಿ ಬೆಳೆದರು. 2008ರ ಜೂನ್ 11ರಂದು ಅಲ್ಲಿನ ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದರು. ಅಷ್ಟು ಹೊತ್ತಿಗೆ ಅಪ್ಪನ ಮಡಿಲು ಕಾಣದೆ ಬೆಳೆದ ಮಕ್ಕಳೇ ಅಪ್ಪಂದಿರಾಗಿ, ಅಜ್ಜಂದಿರಾಗಿ, ತಮ್ಮ ಮಕ್ಕಳನ್ನು ಎತ್ತಿಕೊಳ್ಳುವುದು ಹೇಗೆಂದು ತಿಳಿಯದೆ ಒದ್ದಾಡಿದ್ದರು.

ನಮ್ಮ ಪ್ರಸಾದ ನಿಲಯಗಳನ್ನು ಅವುಗಳ ಸಾಲಿಗೆ ಸೇರಿಸುವುದು ಸುಳ್ಳೂ ಹೌದು, ಅನ್ಯಾಯವೂ ಹೌದು. ಇಲ್ಲಿ ತಂದೆತಾಯಿ ತಮ್ಮ ಕೈಯಾರೆ ಮಗುವನ್ನು ಕರೆತಂದು, ನಂಬಿ ಬಿಟ್ಟಿದ್ದಾರೆ. ಆ ಅನ್ನ, ಆ ಅಕ್ಷರ ಸಿಗದಿದ್ದರೆ ನಾಡಿನ ಸಾವಿರಾರು ಮನೆಗಳಲ್ಲಿ ಇವತ್ತಿಗೂ ಪುಸ್ತಕ ಇರುತ್ತಿರಲಿಲ್ಲ. ಆದರೂ ಒಂದು ಪಾಠವನ್ನು ನಾವು ತೆಗೆದುಕೊಳ್ಳಬಹುದು. ಮಕ್ಕಳನ್ನು ಪ್ರೀತಿಸುವುದು ಹುಟ್ಟಿನಿಂದ ಬರುತ್ತದೆ, ಮಕ್ಕಳ ಜೊತೆ ಇರುವುದು ಕಂಡು ಕಲಿತು ಬರುತ್ತದೆ. ತನ್ನ ಅಪ್ಪನೊಡನೆ ಒಂದು ದಿನವಾದರೂ ಬಿಡುವಾಗಿ ಇದ್ದ ಹುಡುಗ ನಾಳೆ ತನ್ನ ಮಗುವಿನೊಡನೆ ಹಾಗೆ ಇರಬಲ್ಲ. ಅಕ್ಷರ ಕೊಟ್ಟ ಸಂಸ್ಥೆಗಳೇ ಈ ಒಂದು ದಿನವನ್ನೂ ಕೊಟ್ಟರೆ ಅವುಗಳ ಕೆಲಸ ಪೂರ್ಣವಾಗುತ್ತದೆ.

28 ಗಂಟೆ ಹೇಗಿರಬೇಕು

ಮೊದಲಿಗೆ, ವೇದಿಕೆ ಬೇಡ. ಉದ್ಘಾಟನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ, ಇವು ಶುರುವಾದರೆ ಶನಿವಾರ ಅಲ್ಲಿಗೇ ಮುಗಿಯಿತು. ತಂದೆತಾಯಿ ಕುರ್ಚಿಯ ಮೇಲೆ, ಮಕ್ಕಳು ಜಮಖಾನೆಯ ಮೇಲೆ, ಮತ್ತೆ ಬೇರೆ ಬೇರೆ. ‘ಮಕ್ಕಳನ್ನು ಬೆಳೆಸುವುದು ಹೇಗೆ’ ಎಂಬ ಉಪನ್ಯಾಸವಂತೂ ಖಂಡಿತ ಬೇಡ. ಅದನ್ನು ಕೇಳಿದ ತಂದೆ ತಾನು ಏನೋ ಮಾಡಿದೆನೆಂದು ತೃಪ್ತನಾಗಿ ಮನೆಗೆ ಹೋಗುತ್ತಾನೆ, ಮಗು ಆಕಳಿಸುತ್ತಾ ಹಿಂಬಾಲಿಸುತ್ತದೆ. ಪೂಜ್ಯರು ಬರಲಿ, ಪಂಕ್ತಿಯಲ್ಲಿ ಎಲ್ಲರೊಡನೆ ಪ್ರಸಾದ ಸ್ವೀಕರಿಸಲಿ, ಮಕ್ಕಳ ಜೊತೆ ಎರಡು ಮಾತಾಡಲಿ. ಅದಕ್ಕಿಂತ ದೊಡ್ಡ ಆಶೀರ್ವಚನ ಬೇರೆ ಬೇಕಿಲ್ಲ.

ಹದಿನೈದು ಜೋಡಿ ಸಾಕು, ಅದಕ್ಕಿಂತ ಹೆಚ್ಚಾದರೆ ಜಾತ್ರೆಯಾಗುತ್ತದೆ. ಬಂದ ಕೂಡಲೇ ಎಲ್ಲರ ಮೊಬೈಲ್ ಒಂದು ಪೆಟ್ಟಿಗೆಗೆ ಹೋಗಲಿ, ತುರ್ತಿಗೆಂದು ಮಠದ ಒಂದು ಫೋನ್ ಇದ್ದರೆ ಸಾಕು. ಸಂಜೆಯ ಅಡುಗೆಯ ಒಂದು ಭಾಗವನ್ನು ಜೋಡಿಗಳೇ ಮಾಡಲಿ. ಅಪ್ಪ ಹಿಟ್ಟು ನಾದಲಿ, ಮಗಳು ರೊಟ್ಟಿ ಬಡಿಯಲಿ, ಅಥವಾ ಅದು ತಿರುಗಮುರುಗ ಆಗಲಿ. ಗುಂಡಗೆ ಆಗದ ರೊಟ್ಟಿಯನ್ನು ಇಬ್ಬರೂ ನಗುತ್ತಾ ತಿನ್ನಲಿ. ರೊಟ್ಟಿ ಮಾಡುವುದು ಹೆಂಗಸರ ಕೆಲಸ ಎಂಬ ಮಾತು ಆ ರಾತ್ರಿ ತಾನಾಗಿಯೇ ಸ್ವಲ್ಪ ಸಡಿಲವಾಗುತ್ತದೆ.

ಊಟದ ನಂತರ ಒಂದು ಗಂಟೆ, ಅಂಗಳದಲ್ಲಿ ಜೋಡಿ ಜೋಡಿಯಾಗಿ ದೂರ ದೂರ ಕುಳಿತು, ತಂದೆಯೋ ತಾಯಿಯೋ ಒಂದೇ ವಿಷಯ ಹೇಳಬೇಕು: ನಾನು ನಿನ್ನ ವಯಸ್ಸಿನವನಿದ್ದಾಗ ಹೇಗಿದ್ದೆ, ಯಾವುದಕ್ಕೆ ಹೆದರುತ್ತಿದ್ದೆ, ಯಾರು ನನ್ನ ಗೆಳೆಯರು. ಮಗು ಏನು ಬೇಕಾದರೂ ಕೇಳಬಹುದು. ದೊಡ್ಡವರಿಗೆ ಮಾತ್ರ ಮೂರು ಪ್ರಶ್ನೆಗಳು ನಿಷಿದ್ಧ: ಎಷ್ಟು ಮಾರ್ಕ್ಸ್, ಮುಂದೆ ಏನಾಗುತ್ತೀ, ಅವನ ಹಾಗೆ ನೀನೇಕಿಲ್ಲ. ಈ ಮೂರನ್ನು ಬಿಟ್ಟು ಮಾತಾಡುವುದು ಎಷ್ಟು ಕಷ್ಟ ಎಂಬುದು ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ. ಅದು ತಿಳಿಯುವುದೇ ಅರ್ಧ ಶಿಬಿರ.

ಭಾನುವಾರ ಬೆಳಿಗ್ಗೆ ಬೆಳಕು ಹರಿಯುವಾಗ ಕೆರೆಯವರೆಗೋ ಗುಡ್ಡದವರೆಗೋ ನಡಿಗೆ. ಎಲ್ಲರೂ ಸಾಲಾಗಿ ಹೋಗಬೇಕಾಗಿಲ್ಲ, ತಮ್ಮ ತಮ್ಮ ವೇಗದಲ್ಲಿ ಹೋಗಲಿ. ಆಮೇಲೆ ಕಲಿಸುವ ಹೊತ್ತು. ದೊಡ್ಡವರು ತಮಗೆ ಬರುವ ಒಂದು ಕೆಲಸವನ್ನು ಮಗುವಿಗೆ ಕಲಿಸಲಿ. ಕೌದಿ ಹೊಲಿಯುವುದು, ಹಗ್ಗ ಹೊಸೆಯುವುದು, ಬೀಜ ಆರಿಸುವುದು, ಸೈಕಲ್ ಪಂಕ್ಚರ್ ತೆಗೆಯುವುದು, ಯಾವುದಾದರೂ ಸರಿ. ಮಗುವೂ ದೊಡ್ಡವರಿಗೆ ಒಂದನ್ನು ಕಲಿಸಲಿ. ಓದು ಬಾರದ ತಾಯಿಗೆ ಬಸ್ಸಿನ ಬೋರ್ಡು ಓದಲು ಮಗಳು ಕಲಿಸುವ ಆ ಒಂದು ಗಂಟೆಯಲ್ಲಿ ಯಾರು ಗುರು, ಯಾರು ಶಿಷ್ಯ ಎಂಬ ಪ್ರಶ್ನೆ ಏಳುವುದಿಲ್ಲ. ಹೊರಡುವ ಮೊದಲು ಇಬ್ಬರೂ ಒಬ್ಬರಿಗೊಬ್ಬರು ಒಂದೊಂದು ಅಂಚೆ ಕಾರ್ಡು ಬರೆಯಲಿ, ಬರೆಯಲು ಬಾರದವರು ಚಿತ್ರ ಬಿಡಿಸಲಿ. ಮಠದವರು ಅದನ್ನು ಸೋಮವಾರ ಅಂಚೆಗೆ ಹಾಕಲಿ.

ಖರ್ಚಿನ ಮಾತು. ಹದಿನೈದು ಜೋಡಿ ಎಂದರೆ 30 ಜನ. ನಾಲ್ಕು ಹೊತ್ತಿನ ಊಟ, ಉಪಾಹಾರ ಎಂದರೆ 120 ಎಲೆ. ದಾಸೋಹ ನಡೆಯುವ ಮಠಕ್ಕೆ ಇದು ಲೆಕ್ಕಕ್ಕೆ ಸಿಗದ ಸಂಖ್ಯೆ. ಜಾಗ ಇದೆ, ಪಾತ್ರೆ ಇದೆ, ಚಾಪೆ ಇದೆ. ವರ್ಷಕ್ಕೆ ಎಂಟು ಸಲ ನಡೆಸಿದರೆ 120 ಮಕ್ಕಳಿಗೆ ಈ ಭಾಗ್ಯ ಸಿಗುತ್ತದೆ. ಯಾವ ತಿಂಗಳು ಎಂಬುದನ್ನು ಆಯಾ ಭಾಗದ ಬೆಳೆ ನೋಡಿ ನಿರ್ಧರಿಸಬೇಕು. ಮುಂಗಾರು ಬಿತ್ತನೆಯ ಜೂನ್‌ನಲ್ಲಿ ರೈತ ಬರಲಾರ, ತೊಗರಿ ಕಟಾವಿನ ಹೊತ್ತಿನಲ್ಲಿ ಕಲಬುರಗಿ ಭಾಗದವರು ಬರಲಾರರು, ಕಬ್ಬು ಕಡಿಯಲು ಗುಳೆ ಹೋದ ಕುಟುಂಬಗಳು ಮರಳುವವರೆಗೆ ಕಾಯಬೇಕು.

ಸುರಕ್ಷತೆಯ ವಿಷಯದಲ್ಲಿ ಮುಲಾಜು ಬೇಡ. ಪ್ರತಿ ದೊಡ್ಡವರೂ ತಮ್ಮ ಮಗುವಿಗೆ ಮಾತ್ರ ಹೊಣೆ, ಬೇರೆಯವರ ಮಗುವನ್ನು ಒಂಟಿಯಾಗಿ ಎಲ್ಲಿಗೂ ಕರೆದೊಯ್ಯುವಂತಿಲ್ಲ. ಜೋಡಿಗೊಂದು ಕೋಣೆ ಅಥವಾ ತಡಿಕೆ ಹಾಕಿದ ಜಾಗ ಇರಲಿ, ಮಹಿಳಾ ಕಾರ್ಯಕರ್ತೆಯರು ರಾತ್ರಿಯೂ ಇರಲಿ. ಮದ್ಯ, ಗುಟ್ಕಾ, ಬೀಡಿ 28 ಗಂಟೆ ಸಂಪೂರ್ಣ ನಿಷೇಧ. ಅಷ್ಟು ಹೊತ್ತು ಬಿಟ್ಟಿರಲಾಗದವನಿಗೆ ತನ್ನ ಸ್ಥಿತಿ ಏನೆಂದು ಮಗುವಿನ ಎದುರೇ ಅರಿವಾಗುತ್ತದೆ. ಬಿಡುವಾಗಿ ಕುಳಿತ ಮಗು ಮನೆಯಲ್ಲೋ ಶಾಲೆಯಲ್ಲೋ ತನಗಾದ ನೋವನ್ನು ಹೇಳಿಕೊಂಡೀತು. ಆಗ ತಂದೆತಾಯಿ ಗದರದೆ ಕೇಳಿಸಿಕೊಳ್ಳಬೇಕು. ನಡೆಸುವವರು ಅದನ್ನು ಮುಚ್ಚಿಹಾಕದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವಷ್ಟು ಧೈರ್ಯ ಇಟ್ಟುಕೊಳ್ಳಬೇಕು.

ಬರುವ ಆಕ್ಷೇಪಗಳು

ದುಡಿದು ತಿನ್ನುವವರಿಗೆ ಇದೆಲ್ಲ ಎಲ್ಲಿ ಸಾಧ್ಯ, ಇದು ನೌಕರದಾರರ ಶೋಕಿ ಎನ್ನುವವರಿದ್ದಾರೆ. ನಿಜ, ಕೂಲಿಯವರಿಗೆ ಭಾನುವಾರವೂ ದುಡಿಮೆಯ ದಿನವೇ. ಆದ್ದರಿಂದಲೇ ಇದನ್ನು ಮಠಗಳು ಮಾಡಬೇಕೆಂದು ಕೇಳುತ್ತಿರುವುದು. ದುಡ್ಡಿದ್ದವರು ರೆಸಾರ್ಟಿಗೆ ಹೋಗುತ್ತಾರೆ, ಅವರ ಚಿಂತೆ ನಮಗೆ ಬೇಡ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ತಾಯಿ, ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚಿಲ್ಲ. ತಂದೆ, ಗಂಡುಮಕ್ಕಳ ಬಸ್ ಚಾರ್ಜನ್ನೂ ತೀರ ಬಡವರಾದರೆ ಎರಡು ದಿನದ ಕೂಲಿಯನ್ನೂ ಒಬ್ಬ ದಾನಿ ಭರಿಸಬಹುದು. ಒಂದು ಫ್ಲೆಕ್ಸ್ ಬ್ಯಾನರ್ ಕಡಿಮೆ ಮಾಡಿದರೆ ಒಂದೆರಡು ಜೋಡಿಗಳ ಬಸ್ ಚಾರ್ಜು ಅಲ್ಲೇ ಸಿಕ್ಕುತ್ತದೆ.

ತಂದೆತಾಯಿ ಇಲ್ಲದ ಮಗುವಿನ ಗತಿ ಏನು? ಅದಕ್ಕೆ ಅಜ್ಜಿ ಇದ್ದಾಳೆ, ಸೋದರಮಾವ ಇದ್ದಾನೆ, ಅಕ್ಕ ಇದ್ದಾಳೆ. ಮಗು ನನ್ನವರು ಎಂದು ಯಾರನ್ನು ಕರೆಯುತ್ತದೋ ಅವರು ಬರಲಿ. ಗಂಡನನ್ನು ಕಳೆದುಕೊಂಡ ತಾಯಿ, ಗಂಡನನ್ನು ಬಿಟ್ಟು ಬಂದ ತಾಯಿ ಮಗುವನ್ನು ಕರೆದುಕೊಂಡು ಬಂದರೆ ಯಾರೂ ‘ಅಪ್ಪ ಬರಲಿಲ್ಲವೇ’ ಎಂದು ಕೇಳಬಾರದು. ಉಳಿದ ಮಕ್ಕಳಿಗೆ ಹೊಟ್ಟೆಕಿಚ್ಚು ಬಂದರೆ? ಬರಲಿ. ಮುಂದಿನ ಸಲ ನಿನ್ನ ಪಾಳಿ ಎಂದು ಹೇಳಿ, ಆ ಮಾತು ಉಳಿಸಿಕೊಳ್ಳಿ. ಅಪ್ಪನ ಜೊತೆ ಇರಲು ಮಕ್ಕಳು ಪಾಳಿ ಹಚ್ಚಿ ಕಾಯುವುದಕ್ಕಿಂತ ಹೆಚ್ಚಿನ ಗೌರವ ಅಪ್ಪನಿಗೆ ಇನ್ನೇನಿದೆ?

ಗೌರವದ ಮಾತು ಬಂದದ್ದರಿಂದ ಕೊನೆಯ ಆಕ್ಷೇಪವನ್ನೂ ನೋಡೋಣ. ನಮ್ಮ ಮನೆಯಲ್ಲಿ ಮಕ್ಕಳು ಅಪ್ಪನ ಎದುರು ನಿಂತು ಮಾತಾಡುವುದಿಲ್ಲ, ಅದು ಸಂಸ್ಕಾರ ಎಂದು ಹೆಮ್ಮೆಪಡುವ ಹಿರಿಯರು ಬಹಳ ಮಂದಿ. ಎದುರು ಮಾತಾಡದಿರುವುದು ಗೌರವವೂ ಇರಬಹುದು, ಭಯವೂ ಇರಬಹುದು. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಇದರ ಬೆಲೆಯನ್ನು ಹೆಚ್ಚಾಗಿ ತೆರುವವರು ಹೆಣ್ಣುಮಕ್ಕಳು. ಹತ್ತು ಹನ್ನೆರಡನೇ ವಯಸ್ಸಿಗೆ ಮಗಳು ಅಪ್ಪನಿಂದ ದೂರ ಸರಿಯುತ್ತಾಳೆ, ಅಪ್ಪನೂ ಸರಿಯುತ್ತಾನೆ. ಅಂದಿನಿಂದ ಇಬ್ಬರ ನಡುವೆ ತಾಯಿ ಅಂಚೆಯವಳು. ‘ಅಪ್ಪಗ ಹೇಳು’, ‘ಆಕೀಗಿ ಹೇಳು’. ಹದಿನೇಳಕ್ಕೆ ಗಂಡು ನೋಡುವ ಮಾತು ಬರುತ್ತದೆ. ಹದಿನೆಂಟು ತುಂಬದೆ ಮದುವೆ ಮಾಡುವುದು 2006ರ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಎಲ್ಲರಿಗೂ ಗೊತ್ತು, ಆದರೂ ನಡೆಯುತ್ತದೆ. ನನಗೆ ಓದಬೇಕು ಎಂದು ಆ ಹುಡುಗಿಗೆ ಅಪ್ಪನ ಮುಂದೆ ಹೇಳಲಾಗುವುದಿಲ್ಲ. ಹೇಳಬಾರದೆಂಬ ನಿಯಮ ಇದೆಯೆಂದಲ್ಲ, ಐದು ವರ್ಷದಿಂದ ಅವಳು ಅಪ್ಪನಿಗೆ ಏನನ್ನೂ ನೇರವಾಗಿ ಹೇಳಿಯೇ ಇಲ್ಲ ಎಂಬ ಕಾರಣಕ್ಕೆ. ಹನ್ನೆರಡರಲ್ಲಿ ಒಂದು ರಾತ್ರಿ ಅಪ್ಪನ ಜೊತೆ ಅಂಗಳದಲ್ಲಿ ಕುಳಿತು ನಕ್ಷತ್ರ ಎಣಿಸಿದ ಮಗಳಿಗೆ ಹದಿನೇಳರಲ್ಲಿ ಆ ಮಾತು ಹೇಳುವ ದಾರಿ ತೆರೆದಿರುತ್ತದೆ. ಅದರಿಂದ ಎಲ್ಲ ಸರಿಹೋಗುತ್ತದೆ ಎಂದು ಯಾರೂ ಮಾತು ಕೊಡಲಾರರು. ದಾರಿಯೇ ಇಲ್ಲದಿರುವುದಕ್ಕಿಂತ ಅದು ಮೇಲು.

ಆದ್ದರಿಂದ ಮಠಗಳ ಪೂಜ್ಯರಲ್ಲಿ, ಪ್ರಸಾದ ನಿಲಯ ನಡೆಸುವವರಲ್ಲಿ, ಬಳಗ, ಮಂಡಳಿಗಳ ಕಾರ್ಯಕರ್ತರಲ್ಲಿ ವಿನಂತಿ. ಈ ವರ್ಷದ ಬೇಸಿಗೆ ಶಿಬಿರದ ಪಟ್ಟಿಯಲ್ಲಿ ಒಂದೇ ಒಂದು ಶನಿವಾರ, ಭಾನುವಾರವನ್ನು ಇದಕ್ಕಾಗಿ ಇಡಿ. ಹದಿನೈದು ಜೋಡಿ ಸಿಗದಿದ್ದರೆ ಐದರಿಂದ ಶುರುಮಾಡಿ. ಪ್ರಸಾದ ನಿಲಯ ಇರುವಲ್ಲಿ ಮೊದಲ ಅವಕಾಶ ಅಲ್ಲಿನ ಮಕ್ಕಳಿಗೇ ಸಿಗಲಿ, ಭಾನುವಾರ ಮೂರು ಗಂಟೆಯ ಬಸ್ಸಿಗೆ ಅಪ್ಪ ಅವ್ವನನ್ನು ಬೀಳ್ಕೊಡುವ ಆ ಮಕ್ಕಳಿಗೆ. ಒಂದು ಸಲವಾದರೂ ಅವರು ರಾತ್ರಿ ಉಳಿಯಲಿ.

ಓದುಗ ತಂದೆತಾಯಿಗಳಲ್ಲಿ ಇನ್ನೊಂದು ಮಾತು. ಮಠ ಶಿಬಿರ ಮಾಡುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಶನಿವಾರ ನಿಮ್ಮ ಹೊಲದ ಗುಡಿಸಲೇ ಶಿಬಿರವಾಗಲಿ. ಒಂದು ಕಂಬಳಿ, ನಾಲ್ಕು ರೊಟ್ಟಿ, ಒಂದು ತಂಬಿಗೆ ನೀರು, ಜೊತೆಗೆ ಒಂದೇ ಮಗು. ಯಾವ ಮಗುವನ್ನು ಮೊದಲು ಕರೆಯಬೇಕೆಂದು ಗೊತ್ತಾಗದಿದ್ದರೆ ಮನೆಯಲ್ಲಿ ಎಲ್ಲಕ್ಕಿಂತ ಕಡಿಮೆ ಮಾತಾಡುವ ಮಗುವನ್ನು ಕರೆಯಿರಿ.